ಬೋರ್ ಲಾರಿಯ ಅಳಿಯ

ನನಗಾಗ ಮೂವತ್ತಾರು ವರ್ಷ. ಈ ಮಾತಿಗೆ ನಲವತ್ತು ವರ್ಷದ ಮೇಲಾಯಿತು.

ನನ್ನ ಅಳಿಯನನ್ನು ನಾನು ಮೊದಲು ನೋಡಿದಾಗ ಅವನಿಗೆ ಬಣ್ಣವೇ ಇರಲಿಲ್ಲ. ತಲೆಯಿಂದ ಕಾಲಿನವರೆಗೆ ಕಲ್ಲಿನ ಹಿಟ್ಟು. ಹುಬ್ಬು ಬಿಳಿ, ಮೀಸೆ ಬಿಳಿ, ಕಣ್ಣಿನ ರೆಪ್ಪೆಯೂ ಬಿಳಿ. ಕಣ್ಣು ಮಾತ್ರ ಕೆಂಪು. ಎರಡು ಕಿವಿಗೂ ಎಣ್ಣೆಬಟ್ಟೆಯ ಚೂರು ತುರುಕಿಕೊಂಡಿದ್ದ. ಮುದುಕನೋ ಹುಡುಗನೋ ತಿಳಿಯಲಿಲ್ಲ. ನಮ್ಮ ಗುಡಿಸಲ ಮುಂದೆ ನಿಂತು ಕೈಸನ್ನೆ ಮಾಡಿ ನೀರು ಕೇಳಿದ. ಮಗಳು ಚೊಂಬು ಕೊಟ್ಟಳು. ಮೊದಲು ಬಾಯಿ ಮುಕ್ಕಳಿಸಿ ಉಗಿದ. ಉಗಿದದ್ದೂ ಬಿಳಿ. ಆ ಹಿಟ್ಟೇ ಮುಂದೆ ಅವನ ಎದೆಯಲ್ಲಿ ಕೂತು ಅವನನ್ನು ತಿಂದಿತು. ಆ ದಿನ ಅದು ನಮಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ನಾನು ನೋಡಿದ್ದು ಒಂದೇ: ನೀರು ಕುಡಿದಾದ ಮೇಲೂ ಚೊಂಬು ವಾಪಸು ಕೊಡುವುದಕ್ಕೆ ಅವನು ಬಹಳ ಹೊತ್ತು ಮಾಡಿದ.

ನಮ್ಮದು ಬಾವಿ ತೋಡುವ ಕಸುಬು. ಗಂಡಸರು ಹಾರೆ, ಸುತ್ತಿಗೆ, ಸಿಡಿಮದ್ದು ಹಿಡಿದು ಒಳಗೆ ಇಳಿಯುವುದು, ಹೆಂಗಸರು ಮಕ್ಕರಿಯಲ್ಲಿ ಮಣ್ಣು ಕಲ್ಲು ಹೊತ್ತು ಮೇಲೆ ಹತ್ತುವುದು. ನನ್ನ ಗಂಡ ಒಂದು ಬಾವಿಯ ದಡ ಕುಸಿದು ಹೋದ. ಅವನ ಮೇಲೆ ಬಿದ್ದ ಮಣ್ಣನ್ನೂ ನಾವೇ ಹೊತ್ತೆವು. ಆಮೇಲೆ ನಾನೂ ಮಗಳೂ ನನ್ನ ತಮ್ಮನ ಗುಂಪು ಸೇರಿಕೊಂಡೆವು. ತಮ್ಮ ಮೇಸ್ತ್ರಿ. ಒರಟ, ಆದರೆ ಕೂಲಿಯಲ್ಲಿ ಮೋಸ ಮಾಡಿದವನಲ್ಲ.

ಜಗಳೂರಿನಿಂದ ಬಿಳಿಚೋಡಿಗೆ ಹೋಗುವ ದಾರಿಯಲ್ಲಿ ಒಬ್ಬ ಗೌಡರ ಶೇಂಗಾ ಹೊಲ. ಅಲ್ಲಿ ಬಾವಿ ಹಿಡಿದಿದ್ದೆವು. ಕೆಳಗೆ ಹಾಸುಬಂಡೆ ಸಿಕ್ಕಿತು. ದೀಪಾವಳಿಗೆ ಹಿಡಿದ ಕೆಲಸ ಸಂಕ್ರಾಂತಿ ದಾಟಿದರೂ ಬಂಡೆ ಬಿಡಲಿಲ್ಲ. ಗೌಡರಿಗೆ ತಾಳ್ಮೆ ತಪ್ಪಿತು. ಒಂದು ಬೆಳಿಗ್ಗೆ ನಾವು ಮಕ್ಕರಿ ಹಿಡಿದು ಹೋದರೆ, ನಮ್ಮ ಬಾವಿಯ ಪಕ್ಕದಲ್ಲೇ ಲಾರಿಯೊಂದು ನಿಂತಿದೆ. ಅದರ ಮೇಲೆ ತೆಂಗಿನ ಮರದಷ್ಟು ಎತ್ತರದ ಕಬ್ಬಿಣ. ಅದು ಶುರುವಾದಾಗ ಹೊಟ್ಟೆಯೊಳಗಿನ ಅಂಬಲಿ ನಡುಗಿತು. ಮಾರನೆಯ ದಿನ ಹೊತ್ತು ಮುಳುಗುವುದರೊಳಗೆ ನೀರು ಹಾಲಿನ ಹಾಗೆ ಮೇಲಕ್ಕೆ ಚಿಮ್ಮಿತು. ಗೌಡರ ಮನೆಯ ಹೆಂಗಸರು ಓಡಿ ಬಂದು ಲಾರಿಗೆ ಅರಿಸಿನ ಕುಂಕುಮ ಹಚ್ಚಿದರು. ನಾವು ನಮ್ಮ ಬಾವಿಯ ದಡದಲ್ಲಿ ಮಕ್ಕರಿ ಹಿಡಿದು ನಿಂತಿದ್ದೆವು. ಯಾರೂ ನಮ್ಮ ಕಡೆ ನೋಡಲಿಲ್ಲ.

ತಮ್ಮ ಹೇಳಿದ: "ನಮ್ಮ ಮೊಮ್ಮಕ್ಕಳ ಕೆಲಸಾನೂ ಇವತ್ತೇ ಮುಗಿಸಿಬಿಡ್ತು ನೋಡು ಈ ಮುಂಡೇದು."

ಆ ಲಾರಿಯಲ್ಲಿ ಪೈಪಿಗೆ ಪೈಪು ಜೋಡಿಸುತ್ತಿದ್ದವನೇ ಆ ಬಿಳಿ ಮನುಷ್ಯ. ತಮಿಳುನಾಡಿನವನು, ಸೇಲಂ ಕಡೆ. ಒಬ್ಬರ ಬೋರಿನಲ್ಲಿ ನೀರು ಬಿದ್ದದ್ದೇ ತಡ, ಸುತ್ತಲ ಹೊಲದವರೆಲ್ಲ ಲಾರಿ ಕರೆದರು. ಲಾರಿ ನಮ್ಮ ಸೀಮೆಯಲ್ಲೇ ಸುತ್ತಾಡಿತು. ಅವನು ದಿನಕ್ಕೊಂದು ಸಲ ನೀರು ಕೇಳಿಕೊಂಡು ಬರತೊಡಗಿದ. ನಾನು ಮಗಳಿಗೆ ಹೇಳಿದೆ: "ಅವನ ಲಾರಿ ಮ್ಯಾಲೆ ಡ್ರಮ್ಮುಗಟ್ಟಲೆ ನೀರೈತೆ. ಇಲ್ಲಿಗೆ ಬರಾದು ನೀರಿಗಲ್ಲ."

"ಗೊತ್ತೈತೆ ಬಿಡವ್ವ" ಎಂದಳು ಮಗಳು.

ಗೊತ್ತಿಲ್ಲ ಎಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಯುಗಾದಿಯ ಹೊತ್ತಿಗೆ ಲಾರಿಯ ಡ್ರೈವರು ಬಾಳೆಹಣ್ಣು, ವೀಳ್ಯದೆಲೆ ಹಿಡಿದು ಹೆಣ್ಣು ಕೇಳುವುದಕ್ಕೆ ಬಂದ. ಡ್ರೈವರೂ ಆ ಕಡೆಯವನೇ, ಆದರೆ ನಮ್ಮ ಸೀಮೆಯಲ್ಲಿ ತಿರುಗಿ ತಿರುಗಿ ಮಾತು ಚೆನ್ನಾಗಿ ಕಲಿತಿದ್ದ. ಅವನ ಹಿಂದೆಯೇ ಇವನು ಮೈ ತೊಳೆದುಕೊಂಡು ಬಂದಿದ್ದ. ಆವಾಗಲೇ ನಾನು ಅವನ ಬಣ್ಣ ನೋಡಿದ್ದು. ನಮ್ಮಷ್ಟೇ ಕಪ್ಪು. ವಯಸ್ಸೂ ಹೆಚ್ಚಿಲ್ಲ, ಇಪ್ಪತ್ತೈದರ ಸುಮಾರು.

ತಮ್ಮ ನೇರವಾಗಿ ಕೇಳಿದ: "ಊರಾಗೆ ಹೆಂಡ್ತಿ ಐತೇನಪಾ?"

"ಇಲ್ಲ" ಎಂದ ಅವನು, ಓಣಿಗೆಲ್ಲ ಕೇಳುವಷ್ಟು ಜೋರಾಗಿ. ಮಷೀನಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಮೆಲ್ಲಗೆ ಮಾತಾಡುವುದು ಅವನಿಗೆ ಬರುತ್ತಲೇ ಇರಲಿಲ್ಲ.

"ಇದ್ದೋರು ಯಾರು ಐತೆ ಅಂತಾರೆ?" ಎಂದ ತಮ್ಮ.

ಡ್ರೈವರು ನಡುವೆ ಬಾಯಿ ಹಾಕಿದ. "ಮೇಸ್ತ್ರಿ, ಇವನಿಗೆ ಇರೋಳು ಒಬ್ಬಳೇ ಅಕ್ಕ. ತಾಯಿ ಸತ್ತ ಮೇಲೆ ಎತ್ತಿ ಸಾಕಿದೋಳು. ಬೇಕಾರೆ ಆಣೆ ಮಾಡ್ತೀನಿ."

"ನಿನ್ನ ಆಣೆ ಟೈರಿನ ಗಾಳಿ ಇದ್ದಂಗೆ. ಮುಂದಿನ ಊರು ಮುಟ್ಟಾತನಕ."

ತಮ್ಮನ ಮನಸ್ಸಿನಲ್ಲಿ ಬೇರೆ ಗಂಡಿತ್ತು. ಬಿಳಿಚೋಡಿನಲ್ಲಿ ಹೆಂಡತಿ ಸತ್ತ ಒಬ್ಬ ಕುರಿಯವನಿದ್ದ. ಕುರಿ ಬಹಳ ಇದ್ದವು, ಹಲ್ಲು ಕಡಿಮೆ ಇದ್ದವು. ಮಗಳು ಅವನ ಹೆಸರೆತ್ತಿದರೆ ಊಟ ಬಿಡುತ್ತಿದ್ದಳು. ನಾನು ಲೆಕ್ಕ ಹಾಕಿದೆ. ಬಾವಿ ಕೆಲಸ ಮುಗಿಯಿತು. ಇನ್ನು ಮೇಲೆ ಕರೆದರೂ ವರ್ಷಕ್ಕೊಬ್ಬರು ಕರೆದಾರು. ನಮ್ಮ ಕೆಲಸ ಯಾವ ಲಾರಿ ಹತ್ತಿ ಹೋಯಿತೋ ಅದೇ ಲಾರಿಯಲ್ಲಿ ಮಗಳೂ ಹೋದರೆ ಅವಳಾದರೂ ಉಣ್ಣುತ್ತಾಳೆ. ಪ್ರೀತಿ, ಒಲವು ಎಂದೆಲ್ಲ ಈಗಿನವರು ಹೇಳುತ್ತಾರೆ. ನಾನು ಒಪ್ಪಿದ್ದು ತಿಂಗಳ ಪಗಾರಕ್ಕೆ. ಅವನ ಮಾತನ್ನು ನಾನು ಆ ದಿನವೂ ನಂಬಲಿಲ್ಲ.

ಮದುವೆ ಆಂಜನೇಯನ ಗುಡಿಯಲ್ಲಿ. ಅಲ್ಲೇ ಮೊದಲ ಜಗಳ. ಅವನು ಜೇಬಿನಿಂದ ತೆಗೆದದ್ದು ಅರಿಸಿನ ಹಚ್ಚಿದ ಹಳದಿ ದಾರ, ಅದರಲ್ಲಿ ಜೋಳದ ಕಾಳಿನಷ್ಟು ಬಂಗಾರ. ಕರಿಮಣಿ ಒಂದೂ ಇಲ್ಲ. ನಮ್ಮ ಹೆಂಗಸರು ಗುಸುಗುಸು ಎಂದರು. ಕರಿಮಣಿ ಇಲ್ಲದೆ ಕಟ್ಟಿದ್ದು ತಾಳಿ ಹೇಗಾಗುತ್ತದೆ? ನಾಳೆ ಬಿಟ್ಟು ಹೋಗಿ, ನಾನು ಕಟ್ಟಿದ್ದು ಬರೀ ದಾರ ಎಂದರೆ ಯಾರನ್ನು ಕೇಳುವುದು?

"ಕರಿಮಣಿ ಎಲ್ಲಿ?" ಎಂದೆ.

ಅವನ ಮುಖ ಸಣ್ಣಗಾಯಿತು. "ಅತ್ತೆ, ಮದುವೇಲಿ ಕಪ್ಪಾ? ಕಪ್ಪು ಕೆಟ್ಟದ್ದಲ್ವಾ?" ಎಂದು ಗುಡಿಯೆಲ್ಲ ಗುಡುಗುವ ಹಾಗೆ ಕೇಳಿದ.

"ನಿಮ್ಮಲ್ಲಿ ಕೆಟ್ಟದ್ದು. ನಮ್ಮಲ್ಲಿ ಅದಿಲ್ಲದ್ದೇ ಕೆಟ್ಟದ್ದು. ಮಣಿ ಪೋಣಿಸಿದ್ರೆ ಹೆಣ್ಣು, ಇಲ್ಲದಿದ್ರೆ ಬಸ್ಸು ಹತ್ತು."

ಪೂಜಾರಿ ಗಂಟೆ ಹಿಡಿದು ಕಾಯುತ್ತಿದ್ದ. ಕೊನೆಗೆ ನಾನೇ, ಗಂಡ ಸತ್ತ ಮೇಲೆ ಡಬ್ಬಿಯಲ್ಲಿ ಇಟ್ಟಿದ್ದ ನನ್ನ ಸರದಿಂದ ಅಲ್ಲ, ಅದು ಅಪಶಕುನ, ತಮ್ಮನ ಹೆಂಡತಿಯ ಕೊರಳಿನಿಂದ ಒಂದಿಷ್ಟು ಮಣಿ ಬಿಚ್ಚಿಸಿ ಆ ಹಳದಿ ದಾರಕ್ಕೇ ಪೋಣಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕಟ್ಟಿದ. ಮಗಳು ನಕ್ಕಳು. ಮದುಮಗಳು ನಗಬಾರದು ಎಂದು ತಲೆಗೆ ಒಂದು ಕೊಟ್ಟೆ.

ಜಗಳೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದರು. ಅವನು ಲಾರಿಯ ಜೊತೆ ಹೋದರೆ ವಾರಗಟ್ಟಲೆ ಇಲ್ಲ, ಬಂದರೆ ಹಗಲೆಲ್ಲ ನಿದ್ದೆ. ಮಷೀನು ರಾತ್ರಿಯೂ ಓಡುತ್ತದಂತೆ, ಅದಕ್ಕೇ ಹಗಲು ಮಲಗುವ ರೂಢಿ. ಹಗಲು ಮಲಗುವ ಗಂಡಸನ್ನು ನಮ್ಮ ಕಡೆ ಏನೆನ್ನುತ್ತಾರೆಂದು ಹೇಳಬೇಕಾಗಿಲ್ಲ. ಎದ್ದರೆ ಅಡುಗೆ ಮಾಡುತ್ತಿದ್ದ. ಲಾರಿಯ ಗಂಡಸರು ತಾವೇ ಬೇಯಿಸಿಕೊಳ್ಳುತ್ತಾರಲ್ಲ, ಅವನ ಕೈ ಪಳಗಿತ್ತು. ಹುಣಸೆಹುಳಿಯಲ್ಲಿ ಏನೋ ಒಂದು ಸಾರು ಮಾಡುತ್ತಿದ್ದ. ನಾನು ಒಂದು ಸಲ ಉಂಡು, ಸಾಲದೆ ಮತ್ತೆ ಹಾಕಿಸಿಕೊಂಡೆ. ಅದೂ ನನಗೆ ಅನುಮಾನವೇ ಆಯಿತು. ಪಕ್ಕದ ಮನೆಯವಳು ಬೆಂಕಿಗೆ ಗಾಳಿ ಹಾಕಿದಳು: "ಎರಡು ಒಲೆ ಉಂಡೋನಿಗೇ ಇಷ್ಟು ರುಚಿ ಗೊತ್ತಾಗಾದು ಕಣಕ್ಕ."

ಮಗಳು ಜೋಳದ ರೊಟ್ಟಿ ತಟ್ಟಿದರೆ ಅವನು ಅದನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದ. ಮುದ್ದೆಯನ್ನು ಮೊದಲ ದಿನ ಹಲ್ಲಿನಲ್ಲಿ ಅಗಿದು, ದವಡೆಗೆ ಅಂಟಿಕೊಂಡು, ಬಾಯಿ ತೆರೆಯಲಾರದೆ ಕೂತಿದ್ದ. ಅವನಿಗೆ ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಈರುಳ್ಳಿ ಕಡಿದುಕೊಂಡು ಉಣ್ಣುವುದೇ ಹಬ್ಬ. ಭಿಕ್ಷೆಯವರ ಊಟ ಎಂದು ನಾನು ಮೂಗು ಮುರಿದೆ. ಮಗಳು ಮಾತ್ರ ವಾರದೊಳಗೆ ಅದನ್ನೇ ಉಣ್ಣುತ್ತಿದ್ದಳು. ಅವಳು ಅವನಿಗೆ ಹಳಸಿದ್ದೆಲ್ಲ ಇಷ್ಟ ಎಂದು ಗೇಲಿ ಮಾಡುವಳು, ಅವನು ಅವಳಿಗೆ ಖಾರ ಬಿಟ್ಟರೆ ಬೇರೆ ರುಚಿ ಗೊತ್ತಿಲ್ಲ ಎನ್ನುವನು. ಜಗಳವೋ ಆಟವೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಅವನು ಆಡಿದ್ದೆಲ್ಲ ಕೂಗು.

ಒಂದು ದಿನ ನಾನು ಕೇಳಿದೆ, "ನಿನ್ನ ಮಷೀನು ಬಂದು ನಮ್ಮನ್ನು ಕಟ್ಟೆ ಮ್ಯಾಲೆ ಕೂರಿಸ್ತು. ನಿನಗೆ ಏನೂ ಅನ್ಸಾದಿಲ್ವಾ?"

ಅವನು ಒಲೆಯ ಕಟ್ಟಿಗೆ ಮುಂದಕ್ಕೆ ತಳ್ಳಿದ. ಆಮೇಲೆ, "ಈ ಮಷೀನಿಗೂ ಒಂದು ದಿನ ಒಬ್ಬ ಅಳಿಯ ಬರ್ತಾನೆ ಅತ್ತೆ. ಪೈಪು ತಾನೇ ಹಾಕ್ಕೊಳ್ಳೋ ಮಷೀನು. ಆವಾಗ ನಾನೂ ನಿಮ್ಮ ಪಕ್ಕ ಬಂದು ಕೂರ್ತೀನಿ" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೋ, ನನಗೆ ಗೊತ್ತಾಗಲಿಲ್ಲ.

ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ತವರಿಗೆ ಬರಬೇಕು, ಗಂಡನ ಜೊತೆ ಇರಬಾರದು. ಮಗಳನ್ನು ಕಳಿಸು ಎಂದರೆ, "ಇನ್ನೂ ಆ ಮಾಸ ಬಂದಿಲ್ಲವಲ್ಲ" ಎಂದ. ಆಕಾಶದಲ್ಲಿ ಅಮಾವಾಸ್ಯೆ ಕಳೆದದ್ದು ಕುರುಡನಿಗೂ ಗೊತ್ತು, ಇವನಿಗೆ ಬಂದಿಲ್ಲವಂತೆ! ಹೆಂಡತಿಯನ್ನು ಬಿಟ್ಟಿರಲಾರದೆ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಅರ್ಧ ಆಷಾಢ ಕಳೆದ ಮೇಲೆ ಒಂದು ದಿನ ತಾನೇ ಮಗಳನ್ನು ಕರೆತಂದು, ಹೊಸಿಲ ಹೊರಗೆ ಗಂಟು ಇಟ್ಟು, "ಮಾಸ ಮುಗಿದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅತ್ತೆ" ಎಂದು ಹೇಳಿ ಲಾರಿ ಹತ್ತಿದ. ಲಾರಿ ಚನ್ನಗಿರಿಗೆ ಹೋಗುತ್ತಿತ್ತು.

ಆಷಾಢದ ಕೊನೆಯ ಅಮಾವಾಸ್ಯೆ ನಮ್ಮಲ್ಲಿ ಅಳಿಯನ ಅಮಾವಾಸ್ಯೆ. ಹೊಸ ಅಳಿಯ ಬರಬೇಕು, ಹೆಂಡತಿ ಅವನ ಪಾದ ತೊಳೆಯಬೇಕು. ಓಣಿಯ ಅಳಿಯಂದಿರೆಲ್ಲ ಬಂದರು. ನಮ್ಮವನು ಬರಲಿಲ್ಲ. ಮಗಳು ತೊಳೆದಿಟ್ಟ ತಟ್ಟೆಯನ್ನು ಸಂಜೆಯವರೆಗೂ ಹಾಗೇ ಇಟ್ಟುಕೊಂಡು ಕೂತಳು. ಶ್ರಾವಣ ಹುಟ್ಟಿತು. ಸೋಮವಾರ ಕಳೆಯಿತು. ಸುದ್ದಿಯಿಲ್ಲ.

ತಮ್ಮ ಬಂದು ಕಂಬಕ್ಕೆ ಒರಗಿ ಕೂತ. "ಹೋದ ಕಣಕ್ಕ. ಲಾರಿಯೋರು ಎಲ್ಲಿ ನೀರು ಬಿತ್ತೋ ಅಲ್ಲಿಂದ ಎದ್ದು ಹೋಗ್ತಾರೆ. ಸುಮ್ಮನೆ ಕಾಯೋದು ಬ್ಯಾಡ. ಬಿಳಿಚೋಡಿನೋನು ಈಗಲೂ ಒಪ್ತಾನೆ. ಉಡಿಕೆ ಮಾಡಿಬಿಡಾನ." ಉಡಿಕೆ ಎಂದರೆ ಗಂಡ ಬಿಟ್ಟವಳಿಗೋ ಗಂಡ ಸತ್ತವಳಿಗೋ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು. ನಮ್ಮಲ್ಲಿ ಅದು ತಪ್ಪಲ್ಲ.

ಒಳಗಿಂದ ಮಗಳು ಹೇಳಿದಳು: "ಉಡಿಸ್ರಿ. ಬಾವಿ ಇನ್ನೂ ಮುಚ್ಚಿಲ್ಲ."

ಗೌಡರ ಹೊಲದಲ್ಲಿ ನಾವು ಅರ್ಧ ತೋಡಿ ಬಿಟ್ಟ ಬಾವಿಯ ಮಾತು ಅದು. ಅವಳು ಅಪ್ಪನ ಮಗಳು, ಆಡಿದರೆ ಮಾಡುವವಳು. ತಮ್ಮನಿಗೆ, "ನಾನು ಹೋಗಿ ನೋಡಿ ಬರ್ತೀನಿ. ಅಲ್ಲಿತನಕ ಬಾಯಿ ಮುಚ್ಚಿಕೊಂಡಿರು" ಎಂದೆ.

"ಎಲ್ಲಿ ಅಂತ ಹುಡುಕ್ತೀಯ?"

"ಅಷ್ಟೆತ್ತರದ ಕಬ್ಬಿಣ ಯಾರ ಕಣ್ಣಿಗೆ ಬೀಳಾದಿಲ್ಲ?"

ಪಂಚಮಿಯ ದಿನ, ನಾಗಪ್ಪನಿಗೆ ಹಾಲೂ ಎರೆಯದೆ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಯಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನ ಚಾದಂಗಡಿಯವನಿಗೆ ಬೋರ್ ಲಾರಿ ಗೊತ್ತಿತ್ತು. "ಬೂದಿ ಬಡ್ಕಂಡೋರಾ? ಇಲ್ಲಿದ್ರಮ್ಮ. ಹೊನ್ನಾಳಿ ಕಡೆ ಹೋದ್ರು." ಆಮೇಲೆ ಲೋಟ ತೊಳೆಯುತ್ತ, ಯಾರೂ ಕೇಳದಿದ್ದರೂ, "ಅವರ ಜೊತೆ ಒಬ್ಬ ಹೆಂಗಸೂ ಇದ್ಳು. ನಮ್ಮ ಕಡೆಯೋಳಲ್ಲ" ಎಂದ.

"ಯಾರ ಜೊತೆ?"

"ಆ ಕಿವುಡನ ಜೊತೆ."

ಚಾ ಅಲ್ಲೇ ಬಿಟ್ಟೆ. ಹೊನ್ನಾಳಿಯ ಬಸ್ಸು ಸಾಸ್ವೆಹಳ್ಳಿಯ ಮೇಲೆ ಹೋಗುತ್ತದೆ. ದಾರಿಯುದ್ದಕ್ಕೂ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದರು. ಇವರಿಗೂ ಒಂದು ಮಷೀನು ಎಲ್ಲೋ ತಯಾರಾಗುತ್ತಿರಬೇಕು ಎನಿಸಿತು. ಹೊನ್ನಾಳಿಯಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಇಷ್ಟು ನೀರು ಮೇಲೆ ಹರಿಯುವಾಗ ನೆಲ ಕೊರೆಯುವವರಿಗೆ ಇಲ್ಲಿ ಏನು ಕೆಲಸ ಎಂದು ಯೋಚಿಸಿದೆ. ಅಂಗಡಿಯವರು ನ್ಯಾಮತಿಗೆ ಕೈ ತೋರಿಸಿದರು.

ನ್ಯಾಮತಿಯಲ್ಲಿ ಊರಾಚೆಯ ಮೆಕ್ಕೆಜೋಳದ ಹೊಲದ ಪಕ್ಕ ಲಾರಿ ಸಿಕ್ಕಿತು. ಮಷೀನು ನಿಂತಿತ್ತು. ಮರದ ನೆರಳಲ್ಲಿ ಒಬ್ಬ ಹೆಂಗಸು ಮೂರು ಕಲ್ಲಿನ ಒಲೆ ಹೂಡಿ ಅದೇ ಹುಣಸೆಹುಳಿಯ ಸಾರು ಕುದಿಸುತ್ತಿದ್ದಳು. ವಾಸನೆಯಿಂದಲೇ ಗೊತ್ತಾಯಿತು. ಕೊರಳಲ್ಲಿ ಹಳದಿ ದಾರ. ನನ್ನ ವಯಸ್ಸಿಗಿಂತ ಸ್ವಲ್ಪ ಚಿಕ್ಕವಳಿರಬೇಕು. ನಾನು ಹೋಗಿ ಅವಳ ಕೈಯ ಸೌಟು ಕಿತ್ತುಕೊಂಡೆ.

"ಎಲ್ಲಿದ್ದಾನೆ ನಿನ್ನ ಗಂಡ?" ಎಂದೆ.

ಅವಳು ತನ್ನ ಭಾಷೆಯಲ್ಲಿ ಕೂಗಿದಳು. ನಾನು ನನ್ನದರಲ್ಲಿ ಕೂಗಿದೆ. ಅವಳು ನನ್ನ ಮುಂಗೈ ಹಿಡಿದಳು, ನಾನು ಅವಳ ಜಡೆ ಹಿಡಿದೆ. ಸಾರು ಮಗುಚಿತು. ಇಷ್ಟಾದರೂ ನನ್ನ ಅಳಿಯ ಲಾರಿಯ ಕೆಳಗೆ ಕಿವಿಗೆ ಬಟ್ಟೆ ತುರುಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಡ್ರೈವರು ಓಡಿ ಬಂದು ಇಬ್ಬರನ್ನೂ ಬಿಡಿಸಿದ. "ಅಮ್ಮಾ, ಅಮ್ಮಾ, ಅವನ ಅಕ್ಕ ಅಮ್ಮಾ ಇವಳು!"

"ಸಿಕ್ಕಿಬಿದ್ದೋರೆಲ್ಲ ಅಕ್ಕ ಅಂತಾನೇ ಅನ್ನಾದು."

"ದೇವರಾಣೆ. ತಮ್ಮನ ಹೆಂಡ್ತೀನ ನೋಡಾಕೆ ಬಂದವಳೆ. ಅತ್ತೆ ಜಾಗದಾಗೆ ಇರೋಳು ಇವಳೇ ಅಲ್ವಾ? ಈ ಮಾಸದಾಗೆ ಸೊಸೆ ಮುಖ ನೋಡಬಾರದು ಅಂತ ಇಲ್ಲೇ ಕುಂತವಳೆ, ಮುಗೀಲಿ ಅಂತ."

"ಮುಗಿದು ಎಷ್ಟು ದಿನ ಆತು! ಶ್ರಾವಣ ನಡೀತೈತೆ."

ಡ್ರೈವರು ಹಣೆ ಚಚ್ಚಿಕೊಂಡ. ಲಾರಿಯ ಕೆಳಗಿನವನನ್ನು ಕಾಲು ಹಿಡಿದು ಎಳೆದು ಎಬ್ಬಿಸಿದ. ಆಮೇಲೆ ನನಗೆ ನಿಧಾನವಾಗಿ ಬಿಡಿಸಿ ಹೇಳಿದ. ನಮ್ಮ ತಿಂಗಳು ಚಂದ್ರನದು, ಅಮಾವಾಸ್ಯೆಗೆ ಮುಗಿ­ಯುತ್ತದೆ. ಅವರ ತಿಂಗಳು ಸೂರ್ಯನದು, ಅದಕ್ಕೆ ಅಮಾವಾಸ್ಯೆಯ ಹಂಗಿಲ್ಲ. ಹೊಸ ಹೆಣ್ಣು ಈ ಮಾಸದಲ್ಲಿ ತವರಿಗೆ ಹೋಗುವುದು ಎರಡು ಕಡೆಯೂ ಒಂದೇ ಪದ್ಧತಿ, ಆದರೆ ಅವರ ಮಾಸ ನಮ್ಮದರ ನಡುವೆ ಹುಟ್ಟಿ ನಮ್ಮದು ಸತ್ತ ಮೇಲೂ ಬದುಕಿರುತ್ತದೆ. ಇನ್ನೂ ಅರ್ಧ ಬಾಕಿಯಿದೆ.

"ಎಷ್ಟು ಅನುಕೂಲದ ಸೂರ್ಯ!" ಎಂದೆ ನಾನು.

ಅಳಿಯನಿಗೆ ಉಡಿಕೆಯ ಸುದ್ದಿ ಹೇಳಿದೆ. ಅವನಿಗೆ ಮೊದಲು ಕೇಳಿಸಲಿಲ್ಲ, ಕಿವಿಯ ಬಟ್ಟೆ ತೆಗೆಸಿ ಇನ್ನೊಮ್ಮೆ ಹೇಳಿದೆ. "ಈಗಲೇ ಎದ್ದು ಬಾ" ಎಂದೆ. ಅವನು ತಲೆ ಅಲ್ಲಾಡಿಸಿದ. ಈ ಮಾಸದಲ್ಲಿ ಗಂಡ ಹೆಂಡತಿ ಸೇರಿದರೆ ಸುಡು ಬಿಸಿಲಿನ ತಿಂಗಳಲ್ಲಿ ಹೆರಿಗೆಯಾಗುತ್ತದೆ, ತನ್ನ ತಾಯಿ ಹಾಗೆಯೇ ತನ್ನನ್ನು ಹೆತ್ತು ಸತ್ತಳು ಎಂದ. ಅಕ್ಕ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಸತ್ತ ತಾಯಿಯನ್ನು ನಡುವೆ ತಂದರೆ ಯಾರೂ ಎದುರಾಡುವುದಿಲ್ಲ ಎಂದು ತಿಳಿದೇ ಆಡುತ್ತಿದ್ದಾನೆ ಎಂದು ನನಗೆ ಅನಿಸಿತು. ನಿಜ ಹೇಳಬೇಕಾದರೆ ಹಾಗೇ ಅನಿಸಿತು.

"ಹಂಗಾರೆ ನಾನು ಹೋಗಿ ಹೇಳ್ತೀನಿ, ಅವನು ಬರಾದಿಲ್ಲ ಅಂತ" ಎಂದು ಎದ್ದೆ.

"ಬರ್ತೀನಿ" ಎಂದ. "ಆದರೆ ಮನೆಯೊಳಗೆ ಬರಲ್ಲ."

ಲಾರಿಯ ಮಾಲೀಕ ಹೊಲದ ಆಚೆ ಬದಿಯಲ್ಲಿ ಕೂತಿದ್ದ. ಕೆಲಸದ ನಡುವೆ ಎದ್ದು ಹೋದರೆ ವಾಪಸು ಬರಬೇಡ, ಪೈಪು ಹಿಡಿಯುವವರು ಬೇಕಾದಷ್ಟು ಜನ ಸಿಗುತ್ತಾರೆ ಎಂದು ಹೇಳಿದ. ನನ್ನ ಅಳಿಯ ತನ್ನ ಪೆಟ್ಟಿಗೆ ತೆಗೆದುಕೊಂಡ. ಬಸ್ಸಿನಲ್ಲಿ ನನ್ನಿಂದ ನಾಲ್ಕು ಸೀಟು ಹಿಂದೆ ಕೂತ. ಅಕ್ಕ ಊರಿಗೆ ಹೋದಳು, ಹೋಗುವಾಗ ನನ್ನನ್ನು ಬೈದಳು. ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ.

ನಮ್ಮ ಮನೆಯ ಮುಂದೆ ಒಂದು ಬೇವಿನ ಮರ. ಅದರ ಕೆಳಗೆ ಪೆಟ್ಟಿಗೆ ಇಟ್ಟು, ಗೋಣಿ ಹಾಸಿ ಕೂತವನು ತನ್ನ ಮಾಸ ಮುಗಿಯುವವರೆಗೆ ಏಳಲಿಲ್ಲ. ಮನೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ಮಗಳು ಹಿತ್ತಲ ಬಾಗಿಲಿನಲ್ಲೇ ಓಡಾಡಿದಳು. ತಾನೇ ಅನ್ನ ಬೇಯಿಸಿಕೊಂಡ. ಮಳೆ ಬಂದರೆ ಗೋಣಿ ತಲೆಗೆ ಹಾಕಿಕೊಂಡ. ಊರಿನವರಿಗೆ ಬಿಟ್ಟಿ ನಾಟಕ. "ಮನೆಯಳಿಯ ಕೇಳೀವಿ, ಮರದಳಿಯ ಇದೇ ಮೊದಲು" ಎಂದು ನಕ್ಕರು. ನಾನು ಹೊಸಿಲ ಮೇಲೆ ಕೂತು ಅವನನ್ನು ಕಾದೆ. ಕಾಳಜಿಗಲ್ಲ, ಎದ್ದು ಓಡುತ್ತಾನೋ ಎಂದು.

ತಮ್ಮ ಬಿಳಿಚೋಡಿನ ಕುರಿಯವನನ್ನು ಕರೆದುಕೊಂಡೇ ಬಂದ. ಮರದ ಕೆಳಗಿದ್ದವನನ್ನು ನೋಡಿ ಇಬ್ಬರೂ ನಿಂತರು.

"ಏನಪಾ, ಲಾರಿ ಎಲ್ಲಿ?"

"ಹೋತು."

"ನೀನಿಲ್ದೆ ಓಡ್ತೈತಾ?"

"ನನ್ನ ಜಾಗಕ್ಕೆ ಅವತ್ತೇ ಇನ್ನೊಬ್ಬ ಸಿಕ್ಕ."

ತಮ್ಮ ಅವನ ಪಕ್ಕ ಗೋಣಿಯ ಮೇಲೆ ಕೂತ. ಆಮೇಲೆ ಬೀಡಿ ತೆಗೆದು ಒಂದು ಅವನಿಗೂ ಕೊಟ್ಟ. "ಹಂಗಾರೆ ನೀನೂ ನಮ್ಮಂಗೇ ಆದೆ ಬಿಡು" ಎಂದ. ಕುರಿಯವನು ಯಾರಿಗೂ ಹೇಳದೆ ಬಂದ ದಾರಿಯಲ್ಲಿ ಹೋದ.

ಅವನ ಮಾಸ ಮುಗಿದ ದಿನ ಮಿಂದು, ಹೊಸಿಲು ದಾಟಿ ಒಳಗೆ ಬಂದ. ಮಗಳು ಬಾಗಿಲಲ್ಲಿ ನಿಂತು ಅವನಿಗೆ ಎರಡು ಬಾರಿಸಿದಳು. ಆಮೇಲೆ ಇಬ್ಬರೂ ಒಳಗೆ ಹೋದರು. ನಾನು ಹೊರಗೆ ಬಂದೆ.

ಕೆಲಸ ಹೇಗೆ ಸಿಕ್ಕಿತು ಎಂದು ಹೇಳಬೇಕು. ಗೌಡರ ಬೋರಿನೊಳಗೆ ಇಳಿಬಿಟ್ಟಿದ್ದ ಮೋಟಾರು ಕೆಟ್ಟಿತು. ಅದನ್ನು ಎತ್ತಬೇಕಾದರೆ ಪೈಪು ಸಮೇತ ಮೇಲಕ್ಕೆ ಎಳೆಯಬೇಕು. ಪೈಪು ಬಿಚ್ಚುವುದು ನನ್ನ ಅಳಿಯನಿಗೆ ಗೊತ್ತು. ಭಾರ ಎಳೆಯುವುದು ನನ್ನ ತಮ್ಮನ ಗುಂಪಿಗೆ ಗೊತ್ತು, ಹುಟ್ಟಿದಾಗಿನಿಂದ ಬಾವಿಯಿಂದ ಬಂಡೆ ಎಳೆದವರು. ಮೂರು ಕಂಬ ನೆಟ್ಟು, ರಾಟೆ ಕಟ್ಟಿ, ಹಗ್ಗ ಹಿಡಿದು ಎತ್ತಿಯೇಬಿಟ್ಟರು. ಬೋರು ಹೆಚ್ಚಾದಷ್ಟೂ ಮೋಟಾರು ಕೆಡುವುದೂ ಹೆಚ್ಚಾಯಿತು. ಮಷೀನು ಕಿತ್ತುಕೊಂಡ ಅನ್ನದಲ್ಲಿ ಒಂದು ಪಾಲು ಹೀಗೆ ವಾಪಸು ಬಂತು. ಎಲ್ಲರಿಗೂ ಬಂತು ಎಂದು ಹೇಳಲಾರೆ. ಗುಂಪಿನ ಅರ್ಧ ಜನಕ್ಕೆ ಮಾತ್ರ. ಉಳಿದವರು ಕಲ್ಲುಗಣಿ, ರಸ್ತೆ ಕೆಲಸ ಎಂದು ಚೆದುರಿದರು. ಹೆಂಗಸರಿಗೆ ಒಂದು ಕಾಳೂ ಬರಲಿಲ್ಲ. ಮೋಟಾರು ಎತ್ತುವಲ್ಲಿ ಹೊರುವುದಕ್ಕೆ ಮಣ್ಣಿಲ್ಲವಲ್ಲ. ನಾನು ಶೇಂಗಾ ಹೊಲದ ಕಳೆಗೆ ಹೋದೆ.

ಒಂದು ಸಲ ಅವನನ್ನು ಕೇಳಿದೆ: "ನಿನ್ನ ಮೋಟಾರಿನಾಗೆ ನಮಗೇನು ಕೆಲಸ ಐತೆ?"

"ಯೋಚನೆ ಮಾಡ್ತೀನಿ ಅತ್ತೆ" ಎಂದ.

ಯೋಚನೆ ಮಾಡುತ್ತಲೇ ಇದ್ದ. ಮೊಮ್ಮಗಳು ಹುಟ್ಟಿದಳು, ಚಳಿಗಾಲದಲ್ಲಿ. ಅವನು ಅದನ್ನೇ ದೊಡ್ಡದಾಗಿ ಊರೆಲ್ಲ ಹೇಳಿಕೊಂಡು ಬಂದ. ಅಕ್ಕ ವರ್ಷಕ್ಕೊಮ್ಮೆ ಬರುತ್ತಿದ್ದಳು. ನಾನೂ ಅವಳೂ ಬೈದಾಡಿಕೊಂಡೇ ಒಬ್ಬರ ಮಾತು ಒಬ್ಬರು ಕಲಿತೆವು. ಅವನಿಗೆ ಕೆಮ್ಮು ಹತ್ತಿತು. ಮೊದಲು ಬೀಡಿಗೆ ಎಂದೆವು, ಆಮೇಲೆ ನೀರು ಬದಲಾದದ್ದಕ್ಕೆ ಎಂದೆವು. ದಾವಣಗೆರೆಯ ಡಾಕ್ಟರು ಎದೆಯ ಚಿತ್ರ ತೆಗೆಸಿ, ಕಲ್ಲಿನ ಹಿಟ್ಟು ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ ಎಂದರು. ಅಲ್ಲಿಂದ ಮೇಲೆ ಅವನ ಕೂಗು ಕಡಿಮೆಯಾಗುತ್ತ ಬಂತು. ಕೊನೆಯ ತಿಂಗಳುಗಳಲ್ಲಿ ಅವನು ಮೆಲ್ಲಗೆ ಮಾತಾಡುತ್ತಿದ್ದ. ನನಗೆ ಅದು ಒಗ್ಗಲಿಲ್ಲ.

ನಲವತ್ತು ಮುಟ್ಟುವುದಿರಲಿ, ಸತ್ತಾಗ ಅವನಿಗೆ ಮೂವತ್ತೆರಡೂ ತುಂಬಿರಲಿಲ್ಲ. ಹೆಣವನ್ನು ಬೇವಿನ ಮರದ ಕೆಳಗೆ ಕೂರಿಸಿದರು. ತಂತಿ ಕೊಟ್ಟಿದ್ದರಿಂದ ಅಕ್ಕ ಬಂದಳು. ಮಗಳು ಅಳಲಿಲ್ಲ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ದಾರಿ ನೋಡುತ್ತಿದ್ದೆ. ಸೇಲಂ ಕಡೆಯಿಂದ ಬಸ್ಸು ಬದಲಿಸಿಕೊಂಡು ಬರಬೇಕಾದವರು ಇನ್ನೂ ಬರಬಹುದಿತ್ತು. ಮಣ್ಣಿಗೆ ಎತ್ತುವ ಹೊತ್ತಾದರೂ ನಾನು ಬಸ್‌ಸ್ಟ್ಯಾಂಡಿನ ಕಡೆಯೇ ನೋಡುತ್ತಿದ್ದದ್ದನ್ನು ಅಕ್ಕ ಕಂಡಳು.

"ಯಾರನ್ನ ನೋಡ್ತಿದ್ದೀಯ?" ಎಂದಳು.

"ಇನ್ನೊಬ್ಬಳು ಬರ್ತಾಳೇನೋ ಅಂತ."

ಅಕ್ಕನಿಗೆ ನಗು ಬಂತು. ಹೆಣದ ಮುಂದೆ, ಜನರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ನಗುತ್ತ ನಗುತ್ತ ನನ್ನ ಹೆಗಲಿಗೆ ಬಿದ್ದು ಅತ್ತಳು. ಯಾರೂ ಬರಲಿಲ್ಲ. ಅವನಿಗೆ ಇದ್ದವಳು ಒಬ್ಬಳೇ.

ಅವನನ್ನು ನಂಬಿದ್ದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಂಬದೆಯೇ ಅವನ ಅನ್ನ ಉಂಡೆ. ಆ ಋಣ ಹಾಗೇ ಇದೆ.

ಸಂಜೆ ಗಂಡಸರು ಮರದ ಕೆಳಗೆ ಕೂತು ಮಾತಾಡುತ್ತಿದ್ದರು. ಬಿಳಿಚೋಡಿನ ಒಬ್ಬರ ಮೋಟಾರು ಎತ್ತಿಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದನಂತೆ. ಅವರ ಪೈರು ಒಣಗುತ್ತಿತ್ತು. ಪೈಪು ಬಿಚ್ಚುವುದನ್ನು ಅವನಿಂದಲೇ ಕಲಿತಿದ್ದ ನನ್ನ ತಮ್ಮ, ಹಗ್ಗಕ್ಕೆ ಒಬ್ಬ ಆಳು ಕಡಿಮೆ, ಸೂತಕ ಬೇರೆ, ಬಿಡಾನ ಎಂದ.

ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಿಳಿಚೋಡಿನ ಮೊದಲ ಬಸ್ಸು ಹತ್ತಿದೆ. ನಾನು ಹೋದದ್ದು ತಿಳಿದು ತಮ್ಮನೂ ಉಳಿದ ಗಂಡಸರೂ ಬೈದುಕೊಂಡು ಹಿಂದಿನ ಬಸ್ಸಿಗೆ ಬಂದರು. ಕಂಬ ನೆಟ್ಟರು, ರಾಟೆ ಕಟ್ಟಿದರು. ನಾನು ಸೆರಗು ಸೊಂಟಕ್ಕೆ ಬಿಗಿದು, ಕಡಿಮೆ ಬಿದ್ದ ಆಳಿನ ಜಾಗದಲ್ಲಿ ಹಗ್ಗ ಹಿಡಿದು ನಿಂತೆ. ಒಬ್ಬರೂ ಕದಲಲಿಲ್ಲ.

"ಏನು ನೋಡ್ತೀರಿ, ಎಳೀರಿ" ಎಂದೆ.